ಸ್ಲೈಡ್ ಫಿಲಂ ಮನೆಯಲ್ಲೇ ತೊಳೆದ ನನ್ನ ಅನುಭವ

"ಕಪ್ಪು-ಬಿಳುಪು ಮನೆಯಲ್ಲಿ ತೊಳ್ಕೊ, ಕಲರ್ ನೆಗೆಟಿವ್ ಕೂಡ ತೊಳ್ಕೊ. ಸ್ಲೈಡ್ ಮಾತ್ರ ಮುಟ್ಟಬೇಡ." ನನಗೆ ಡಾರ್ಕ್‌ರೂಂ ಕೆಲಸ ಕಲಿಸಿದ ಹಿರಿಯರು ಹೇಳಿದ್ದು ಇದು. ಸ್ಲೈಡ್ ಅಂದರೆ ನೆಗೆಟಿವ್ ಅಲ್ಲ, ನಿಜ ಬಣ್ಣದ ಚಿತ್ರವೇ ಫಿಲಂ ಮೇಲೆ ಮೂಡುವಂಥದ್ದು. ಜೊತೆಯವರೂ ಅದನ್ನೇ ಹೇಳಿದರು. ಮೊನ್ನೆ ಅದೇ ಹಿರಿಯರು ನನ್ನ ಪ್ರೊವಿಯಾ (ಒಂದು ಸ್ಲೈಡ್ ಫಿಲಂ) ರೋಲನ್ನು ಲೈಟ್ ಬಾಕ್ಸ್ ಮೇಲಿಟ್ಟು ನೋಡಿ, "ಯಾವ ಲ್ಯಾಬಲ್ಲಿ ತೊಳೆಸಿದೆ?" ಎಂದು ಕೇಳಿದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ದುಡ್ಡಿನ ಮಾತು. ಮೂರು ರೋಲ್ ತೊಳೆಸಲು ಲ್ಯಾಬಿಗೆ ಕೊಡುತ್ತಿದ್ದಷ್ಟು ಹಣಕ್ಕೆ ಒಂದು ಲೀಟರಿನ ಇ-6 ಕಿಟ್ ಬಂತು. ಇ-6 ಅಂದರೆ ಸ್ಲೈಡ್ ತೊಳೆಯುವ ವಿಧಾನ; ಈ ಕಿಟ್‌ನಲ್ಲಿ ಮೂರು ಬಾತ್, ಅಂದರೆ ಒಂದಾದ ಮೇಲೊಂದು ಹಾಕುವ ಮೂರು ದ್ರಾವಣ: ಮೊದಲ ಡೆವಲಪರ್, ಕಲರ್ ಡೆವಲಪರ್, ಬ್ಲಿಕ್ಸ್. ಎಂಟು ರೋಲಿಗೆ ಸಾಕು ಎಂದು ಕಿಟ್‌ನಲ್ಲಿ ಬರೆದಿತ್ತು. ನಾನು ಹನ್ನೊಂದು ತೊಳೆದೆ. ಎರಡೆರಡು ರೋಲಿಗೆ ಒಮ್ಮೆ ಮೊದಲ ಡೆವಲಪರ್ ಸಮಯವನ್ನು ಹದಿನೈದು-ಇಪ್ಪತ್ತು ಸೆಕೆಂಡು ಏರಿಸುತ್ತಾ ಹೋದೆ. ನೀರಿನ ಬಿಸಿ ಕಾಯುವ ಸರ್ಕ್ಯುಲೇಟರಿಗೆ ಮಾತ್ರ ಎರಡು ಕಿಟ್‌ಗಳಷ್ಟು ಖರ್ಚಾಯಿತು. ಹಾಳಾದ ರೋಲ್‌ಗಳನ್ನೂ ಸೇರಿಸಿದರೆ, ಹಾಕಿದ ದುಡ್ಡು ವಾಪಸ್ ಬಂದದ್ದು ಮೂರನೇ ಕಿಟ್‌ನಲ್ಲಿ.

ಹಾಳಾದವು ನಾಲ್ಕು. ಎಲ್ಲವೂ ಕಪ್ಪಗೆ, ಸಂಜೆ ಹೊತ್ತಿನಲ್ಲಿ ತೆಗೆದ ಹಾಗೆ. ಮೊದಲು ಕಿಟ್ ಹಳೆಯದು ಅಂದುಕೊಂಡೆ. ಆಮೇಲೆ ಕ್ಯಾಮೆರಾದ ಮೀಟರ್ ಮೇಲೆ ಅನುಮಾನ ಬಂತು. ಸುಮ್ನೆ ಒಂದು ರೋಲನ್ನು ಪೂರ್ತಿ ಬ್ರ್ಯಾಕೆಟ್ ಮಾಡಿ, ಅಂದರೆ ಒಂದೇ ದೃಶ್ಯವನ್ನು ಬೆಳಕು ಹೆಚ್ಚು-ಕಡಿಮೆ ಕೊಟ್ಟು ತೆಗೆದು, ಖರ್ಚು ಮಾಡಿದೆ. ಒಂದು ಸ್ಟಾಪ್ ಜಾಸ್ತಿ (ಎರಡರಷ್ಟು ಬೆಳಕು) ಕೊಟ್ಟ ಫ್ರೇಮ್‌ಗಳೂ ಮಂಕೇ. ಹಾಗಾದರೆ ತಪ್ಪು ಟ್ಯಾಂಕಿನಲ್ಲೇ ಇದೆ, ಅಲ್ವಾ?

ತಪ್ಪಿದ್ದದ್ದು ಥರ್ಮಾಮೀಟರಿನಲ್ಲಿ. ಒಂದು ರಾತ್ರಿ ಮನೆಯಲ್ಲಿದ್ದ ಜ್ವರದ ಥರ್ಮಾಮೀಟರನ್ನು ಅದೇ ನೀರಿಗೆ ಹಿಡಿದೆ. ಡಾರ್ಕ್‌ರೂಂ ಥರ್ಮಾಮೀಟರ್ 38 ತೋರಿಸುತ್ತಿತ್ತು, ಜ್ವರದ್ದು 36.8. ನಮಗೆ ಬೇಕಾದ 38 ಡಿಗ್ರಿ ಜ್ವರದ ಅಳತೆಯೊಳಗೇ ಬರುತ್ತದೆ. ಅಲ್ಲಿ ಜ್ವರದ ಥರ್ಮಾಮೀಟರಿನಷ್ಟು ನಂಬಿಕೆಯದು ನನಗೆ ಬೇರೆ ಸಿಕ್ಕಿಲ್ಲ. ಮೊದಲ ಡೆವಲಪರ್‌ನಲ್ಲಿ 0.3 ಡಿಗ್ರಿಗಿಂತ ಜಾಸ್ತಿ ಆಚೀಚೆ ಆಗಬಾರದು ಅಂತಾರೆ. ನಾನು ಒಂದಕ್ಕೂ ಮೀರಿ ತಪ್ಪಿದ್ದೆ. ಮೊದಲ ಡೆವಲಪರ್ ತಣ್ಣಗಿದ್ದರೆ ಸ್ಲೈಡ್ ಕಪ್ಪಗೆ ಬರುತ್ತದೆ.

ಇನ್ನೊಂದು ತಪ್ಪು ತಿಳಿಯಲು ಇನ್ನೂ ಎರಡು ವಾರ ಬೇಕಾಯಿತು. ಬಾಟಲಿಯಲ್ಲಿ 38 ಇದ್ದದ್ದು ಟ್ಯಾಂಕಿಗೆ ಸುರಿದ ಮೇಲೆ 38 ಉಳಿಯುವುದಿಲ್ಲ. ಆರು ನಿಮಿಷ ಆದ ಮೇಲೆ ಹೊರಗೆ ಸುರಿದು ಅಳೆದೆ, 36.5ರ ಹತ್ತಿರ ಇತ್ತು. ಈಗ ಫಿಲಂ ತುಂಬಿದ ಟ್ಯಾಂಕಿಗೆ ಮೊದಲು 40 ಡಿಗ್ರಿ ನೀರು ಹಾಕಿ ಎರಡು ನಿಮಿಷ ಬಿಡುತ್ತೇನೆ. ಡೆವಲಪರನ್ನು 38.5ಕ್ಕೆ ಸುರಿಯುತ್ತೇನೆ. ಅಲುಗಾಡಿಸುವ ಹೊತ್ತು ಬಿಟ್ಟರೆ ಟ್ಯಾಂಕ್ ಬಿಸಿ ನೀರಿನಲ್ಲೇ ಇರುತ್ತದೆ. ಕೊನೆಗೆ ಅಳೆದರೆ 37.8 ಸಿಗುತ್ತದೆ. ಐದನೇ ರೋಲ್ ಹೀಗೆ ತೊಳೆದದ್ದು. ರೀಲಿನಿಂದ ಬಿಚ್ಚಿ ಕಿಟಕಿಗೆ ಹಿಡಿದಾಗ ಆಕಾಶ ಆಕಾಶದ ಬಣ್ಣದಲ್ಲೇ ಇತ್ತು. ಎಷ್ಟೋ ಹೊತ್ತು ಹಾಗೇ ನಿಂತಿದ್ದೆ.

ಕಲರ್ ಡೆವಲಪರ್ ಮತ್ತು ಬ್ಲಿಕ್ಸ್ ಇಷ್ಟು ಕಾಡುವುದಿಲ್ಲ. ಬೆಳ್ಳಿ ತೆಗೆಯುವ ಬ್ಲಿಕ್ಸ್ ಹಾಕಿದಾಗ ಟ್ಯಾಂಕಿನಲ್ಲಿ ಗ್ಯಾಸ್ ತುಂಬುತ್ತದೆ. ಮುಚ್ಚಳ ಆಗಾಗ ಸಡಿಲಿಸಿ. ಚಿತ್ರ ಮಂಕಾಗಿ ಮಣ್ಣು ಬಣ್ಣ ಕಂಡರೆ ಬೆಳ್ಳಿ ಉಳಿದಿರಬಹುದು. ಬೆಳಕಿನಲ್ಲೇ ಮತ್ತೆ ಬ್ಲಿಕ್ಸ್‌ಗೆ ಹಾಕಿ, ನನ್ನ ಒಂದು ರೋಲ್ ಹಾಗೆ ಉಳಿಯಿತು. ಒದ್ದೆ ಫಿಲಂ ಹಾಲು ಹಾಲಾಗಿ ಕಂಡರೆ ಹೆದರಬೇಡಿ, ಒಣಗಿದ ಮೇಲೆ ನೋಡಿ. ಹಸಿರು-ಮೆಜೆಂಟಾ ಛಾಯೆ ತಿದ್ದಲು ಕಲರ್ ಡೆವಲಪರ್‌ನಲ್ಲಿ ನಾನು ಮಾಡುವ ಒಂದು ಸಣ್ಣ ಕೆಲಸ ಇದೆ. ಅದನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ.

ನಡುವೆ ಒಂದು ಪ್ರಯೋಗ ಮಾಡಿದೆ. ರಿವರ್ಸಲ್ ಬಾತ್, ಅಂದರೆ ನೆಗೆಟಿವನ್ನು ಪಾಸಿಟಿವ್ ಮಾಡಿಸುವ ದ್ರಾವಣ, ಬರುವ ಮುಂಚಿನ ಕಾಲದಲ್ಲಿ ಬೆಳಕು ಕೊಟ್ಟೇ ರಿವರ್ಸ್ ಮಾಡುತ್ತಿದ್ದರು. ನಾನೂ ಮೊದಲ ಡೆವಲಪರ್ ಆಗಿ ಚೆನ್ನಾಗಿ ತೊಳೆದ ಮೇಲೆ ಫಿಲಂ ಬಿಚ್ಚಿ ಬಲ್ಬಿನ ಕೆಳಗೆ ಎರಡೂ ಕಡೆ ಹಿಡಿದೆ. ಬಣ್ಣದಲ್ಲಿ ನನಗೆ ವ್ಯತ್ಯಾಸ ಕಾಣಲಿಲ್ಲ. ಒದ್ದೆ ಫಿಲಂ ಮತ್ತೆ ರೀಲಿಗೆ ಹಾಕುವಾಗ ಮೂರು ಫ್ರೇಮ್ ಮಡಿಚಿಹೋದವು. ಮತ್ತೆ ಮಾಡಲಿಲ್ಲ.

ಪುಷ್, ಅಂದರೆ ಫಿಲಂಗೆ ಕಡಿಮೆ ಬೆಳಕು ಕೊಟ್ಟು ತೆಗೆದು ತೊಳೆಯುವಾಗ ಹೆಚ್ಚು ಹೊತ್ತು ಇಡುವುದು, ಮಾತ್ರ ಬಹಳ ಹಿಡಿಸಿತು. ಎಕ್ಟಾಕ್ರೋಮ್ ಇ100 (ಐಎಸ್‌ಒ 100ರ ಸ್ಲೈಡ್ ಫಿಲಂ) ಅನ್ನು 200ರಲ್ಲಿ ತೆಗೆದು, ಮೊದಲ ಡೆವಲಪರ್‌ನಲ್ಲಿ ಎರಡು ನಿಮಿಷ ಜಾಸ್ತಿ ಇಟ್ಟೆ. ಕಪ್ಪು ಸ್ವಲ್ಪ ತೆಳುವಾಯಿತು, ಮುಖದ ಬಣ್ಣ ಚೆನ್ನಾಗಿಯೇ ಬಂತು. ಎರಡು ಸ್ಟಾಪ್ ಪುಷ್ ಮಾಡಲು ಒಂದು ರೋಲ್ ತೆಗೆದಿಟ್ಟಿದ್ದೇನೆ. ಈ ಕಿಟ್‌ನಲ್ಲಿ ಈಗಾಗಲೇ ಒಂಬತ್ತು ರೋಲ್ ಆಗಿವೆ. ಅದಕ್ಕೆ ಹೊಸ ಕಿಟ್ ಕಲಸುವವರೆಗೂ ಕಾಯುತ್ತೇನೆ.