ಹಡಗಿನಲ್ಲಿ ಪೆಟ್ಟಾದರೆ ಮೊದಲು ಹಡಗಿನ ನಂಬರ್ ಬರೆದುಕೊಳ್ಳಿ

ಗೋವಾದ ವಾಸ್ಕೋದಲ್ಲಿ ನಮ್ಮ ಪಕ್ಕದ ಮನೆಯ ಬಾಗಲಕೋಟೆಯ ಅಣ್ಣ ಹಡಗಿನ ಹ್ಯಾಚ್‌ನೊಳಗೆ, ಅಂದರೆ ಸರಕು ಇಳಿಸುವ ಗುಂಡಿಯೊಳಗೆ, ಸರಕಿಗೆ ಸ್ಲಿಂಗ್ (ಎತ್ತುವ ಹಗ್ಗ) ಹಾಕುತ್ತಿದ್ದರು. ಕೈ ತೆಗೆಯುವ ಮೊದಲೇ ಕ್ರೇನ್ ಎಳೆಯಿತು, ಬಲಗೈ ಹೆಬ್ಬೆರಳು ಹೋಯಿತು. ಗುತ್ತಿಗೆದಾರ ಆಸ್ಪತ್ರೆಗೇ ಬಂದ, ಇಪ್ಪತ್ತು ಸಾವಿರ ಕೈಗಿಟ್ಟ, ಇಂಗ್ಲಿಷ್ ಕಾಗದದ ಮೇಲೆ ಎಡಗೈ ಹೆಬ್ಬೆಟ್ಟು ಒತ್ತಿಸಿಕೊಂಡು ಹೋದ.

ಈಗ ಕಾನೂನಿನ ಪ್ರಕಾರ ಸಿಗಬೇಕಾದ ಪರಿಹಾರದ ಲೆಕ್ಕ ನೋಡಿ. ವಯಸ್ಸು 40, ತಿಂಗಳ ಸಂಬಳ 15,000. ಪೂರ್ತಿ ಅಂಗವೈಕಲ್ಯಕ್ಕೆ ಸಂಬಳದ ಶೇ. 60ನ್ನು ಆ ವಯಸ್ಸಿಗೆ ಕಾಯ್ದೆಯ ಪಟ್ಟಿಯಲ್ಲಿರುವ 184.17ರಿಂದ ಗುಣಿಸಬೇಕು, ಅಂದರೆ 16,57,530. ಹೆಬ್ಬೆರಳು ಪೂರ್ತಿ ಹೋದರೆ ಅದರಲ್ಲಿ ಶೇ. 30, ಅಂದರೆ 4,97,259 ರೂಪಾಯಿ. ಇಪ್ಪತ್ತು ಸಾವಿರ ಎಲ್ಲಿ, ಇದು ಎಲ್ಲಿ!

ಹೆಬ್ಬೆಟ್ಟು ಒತ್ತಿಬಿಟ್ಟೆ ಅಂತ ಕೈ ಚೆಲ್ಲಬೇಡಿ. ಕಾರ್ಮಿಕ ಪರಿಹಾರ ಅಧಿಕಾರಿಯ ಹತ್ತಿರ ನೋಂದಣಿ ಆಗದ ರಾಜಿ ಪತ್ರ ಮಾಲೀಕನನ್ನು ಉಳಿಸುವುದಿಲ್ಲ. 1923ರ ಪರಿಹಾರ ಕಾಯ್ದೆಯ ಈ ನಿಯಮಗಳು 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಬಂದಿವೆ, ಹೆಸರು ಬದಲಾಯಿತು ಅಂತ ಹಕ್ಕು ಹೋಗಿಲ್ಲ. ಅರ್ಜಿಗೆ ಎರಡು ವರ್ಷ ಸಮಯ ಇದೆ. ಊರಿಗೆ ವಾಪಸ್ ಹೋಗಿದ್ದರೆ ಅಲ್ಲಿಂದಲೇ ಹಾಕಬಹುದು. ಇಎಸ್ಐ (ಕಾರ್ಮಿಕರ ವಿಮೆ) ಇದ್ದವರದು ಮಾತ್ರ ಬೇರೆ ದಾರಿ, ಅವರು ಇಎಸ್ಐ ಆಫೀಸಿಗೇ ಹೋಗಬೇಕು.

"ನಿನ್ನದೇ ಅಜಾಗರೂಕತೆ" ಅನ್ನುತ್ತಾರೆ, ಅನ್ನಲಿ ಬಿಡಿ. ಕುಡಿದಿದ್ದರೆ, ಸುರಕ್ಷತಾ ನಿಯಮವನ್ನು ಬೇಕಂತಲೇ ಮೀರಿದ್ದರೆ, ಇಲ್ಲವೇ ಸುರಕ್ಷತಾ ಸಾಮಾನನ್ನು ಬೇಕಂತಲೇ ತೆಗೆದಿದ್ದರೆ ಮಾತ್ರ ತೊಂದರೆ, ಸಾವು ಅಥವಾ ಪೂರ್ತಿ ಶಾಶ್ವತ ಅಂಗವೈಕಲ್ಯ ಆದಾಗ ಆ ನೆಪವೂ ನಡೆಯುವುದಿಲ್ಲ. ಗುತ್ತಿಗೆದಾರ ಕೈ ಎತ್ತಿದರೆ ಅವನಿಗೆ ಕೆಲಸ ಕೊಟ್ಟ ಕಂಪನಿಯ ಮೇಲೆ ಹಾಕಿ.

ತಪ್ಪು ಹಡಗಿನದೇ ಆಗಿದ್ದರೆ, ಅಂದರೆ ಹಡಗಿನ ಕ್ರೇನಿನ ಬ್ರೇಕ್ ಕೆಟ್ಟಿತ್ತು, ಹ್ಯಾಚ್ ಏಣಿ ಮುರಿದಿತ್ತು, ಅಂಥದ್ದೇನಾದರೂ ಇದ್ದರೆ, 2017ರ ಅಡ್ಮಿರಾಲ್ಟಿ (ಹಡಗು ವ್ಯಾಜ್ಯಗಳ) ಕಾಯ್ದೆಯಡಿ ಬಾಂಬೆ ಹೈಕೋರ್ಟ್ ಆ ಹಡಗನ್ನೇ ತಡೆದು ನಿಲ್ಲಿಸಬಹುದು. ಹಡಗು ಬೇರೆಯವರಿಗೆ ಮಾರಾಟವಾದರೂ ನಿಮ್ಮ ಹಕ್ಕು ಅದರ ಬೆನ್ನು ಬಿಡುವುದಿಲ್ಲ, ಆದರೆ ಅದು ಸಾಮಾನ್ಯವಾಗಿ ಒಂದೇ ವರ್ಷ. ಒಂದೇ ಪೆಟ್ಟಿಗೆ ಪರಿಹಾರದ ಅರ್ಜಿ, ಕೋರ್ಟಿನ ದಾವೆ ಎರಡನ್ನೂ ನಡೆಸುವಂತಿಲ್ಲ, ಆದ್ದರಿಂದ ಯಾವುದಕ್ಕೂ ಸಹಿ ಹಾಕುವ ಮೊದಲೇ ವಕೀಲರನ್ನು ಕೇಳಿ. ದುಡ್ಡಿಲ್ಲದಿದ್ದರೆ ಕಾನೂನು ಸೇವಾ ಪ್ರಾಧಿಕಾರ ಇದೆ.

ಹಡಗು ನಿಮಗಾಗಿ ಕಾಯುವುದಿಲ್ಲ, ಲೋಡ್ ಮುಗಿದರೆ ಹೊರಟೇಬಿಡುತ್ತದೆ. ಅದಕ್ಕೇ ಗ್ಯಾಂಗಿನವರ ಹತ್ತಿರ ಅವತ್ತೇ ಹಡಗಿನ ಹೆಸರು, ಐಎಂಒ ಅಂತ ಬರೆದ ಪಕ್ಕದ ಏಳಂಕಿ ನಂಬರ್, ತುಂಡಾದ ಸ್ಲಿಂಗ್ ಇದ್ದರೆ ಅದರ ಫೋಟೋ ತೆಗೆಸಿ. ನಿಮ್ಮ ಗೇಟ್ ಪಾಸ್ ಯಾರ ಕೈಗೂ ಕೊಡಬೇಡಿ, ಅವತ್ತು ನೀವು ಬಂದರಿನೊಳಗೆ ಇದ್ದಿರಿ ಅನ್ನುವುದಕ್ಕೆ ಅದೇ ಸಾಕ್ಷಿ.