ಮುಚ್ಚಿದ ವಾಯುನೆಲೆಯ ಇತಿಹಾಸ ಬರೆಯುವುದು ಹೇಗೆ: ಗ್ರೀನ್‌ಹ್ಯಾಮ್ ಕಾಮನ್ ಉದಾಹರಣೆ

ಹಳೆಯ ವಾಯುನೆಲೆಯ ಚರಿತ್ರೆ ಬರೆಯಲು ಹೊರಟವರು ಹೆಚ್ಚಾಗಿ ಎಡವುವುದು ಒಂದು ಕಡೆ: ಇಂದು ಕಣ್ಣಿಗೆ ಬೀಳುವುದನ್ನೆಲ್ಲ ಒಂದೇ ಕಾಲದ್ದೆಂದು ಎಣಿಸುತ್ತಾರೆ. ಇಂಗ್ಲೆಂಡಿನ ನ್ಯೂಬರಿ ಪಕ್ಕದ ಗ್ರೀನ್‌ಹ್ಯಾಮ್ ಕಾಮನ್ ನೋಡಿ. 1944ರ ಜೂನ್ 5ರ ಸಂಜೆ, ನಾರ್ಮಂಡಿಗೆ ಹೊರಟಿದ್ದ ಪ್ಯಾರಾಟ್ರೂಪರ್‌ಗಳನ್ನು ಮಿತ್ರಪಡೆಗಳ ಮಹಾದಂಡನಾಯಕ ಐಸೆನ್‌ಹೋವರ್ ಮಾತಾಡಿಸಿದ್ದು ಇಲ್ಲೇ. ಆದರೆ ಬಯಲಿನಲ್ಲಿ ಈಗ ಉಳಿದಿರುವ ಉದ್ದನೆಯ ರನ್‌ವೇ ಗುರುತು ಆ ಸಂಜೆಯದಲ್ಲ. ಅದು ಅಮೆರಿಕದ ಬಾಂಬರ್‌ಗಳಿಗಾಗಿ 1951ರ ನಂತರ ಹಾಕಿದ ಸುಮಾರು 10,000 ಅಡಿಯ ರನ್‌ವೇಯದು.

ಹಾಗಾಗಿ ಮೊದಲು ಅಳತೆ ತೆಗೆಯಿರಿ. ಬ್ರಿಟನ್ನಿನ ಯುದ್ಧಕಾಲದ ‘ಕ್ಲಾಸ್ ಎ’ ಎಂಬ ಪ್ರಮಾಣಿತ ಮಾದರಿಯ ನೆಲೆಗೆ ಮೂರು ರನ್‌ವೇ: ಮುಖ್ಯವಾದದ್ದು 2,000 ಗಜ, ಉಳಿದೆರಡು 1,400 ಗಜ, ಅಗಲ 50 ಗಜ. ಉದ್ದ ಇದಕ್ಕಿಂತ ಬಹಳ ಹೆಚ್ಚಿದ್ದರೆ ಯುದ್ಧಾನಂತರದ ಕೆಲಸವೆಂದು ಅನುಮಾನಿಸಿ. 1940ರ ದಶಕದ ವೈಮಾನಿಕ ಚಿತ್ರವನ್ನು ಇಂದಿನ ಉಪಗ್ರಹ ಚಿತ್ರದ ಮೇಲಿಟ್ಟರೆ ಹಳೆಯ ರನ್‌ವೇಗಳು ಎಲ್ಲಿ ಹೂತುಹೋದವೆಂದು ಕಾಣುತ್ತದೆ.

ರನ್‌ವೇ ಸಂಖ್ಯೆಯನ್ನು ಇಂದಿನ ದಿಕ್ಸೂಚಿಯಿಂದ ಲೆಕ್ಕಹಾಕಬೇಡಿ. ಆ ಸಂಖ್ಯೆ ಕಾಂತೀಯ ದಿಕ್ಕಿನ ಹತ್ತನೇ ಒಂದು ಭಾಗ. ದಕ್ಷಿಣ ಇಂಗ್ಲೆಂಡಿನಲ್ಲಿ 1940ರ ದಶಕದಲ್ಲಿ ದಿಕ್ಸೂಚಿ ನಿಜ ಉತ್ತರದಿಂದ ಸುಮಾರು 10 ಡಿಗ್ರಿ ಪಶ್ಚಿಮಕ್ಕೆ ವಾಲಿತ್ತು, ಈಗ ಆ ವ್ಯತ್ಯಾಸ ಶೂನ್ಯದ ಹತ್ತಿರ. ನಕ್ಷೆಯಲ್ಲಿ 100 ಡಿಗ್ರಿ ಅಳೆದ ಪಟ್ಟಿಗೆ ಅಂದಿನ ಕಾಂತೀಯ ದಿಕ್ಕು 110 ಡಿಗ್ರಿ, ಹಾಗಾಗಿ ಸಂಖ್ಯೆ 11. ಇದನ್ನು ಮರೆತರೆ ದಾಖಲೆಯ ರನ್‌ವೇ ಒಂದು, ನೀವು ಗುರುತಿಸಿದ್ದು ಇನ್ನೊಂದು ಆಗುತ್ತದೆ.

ನಂತರ ಕಡತ. ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿ ನೆಲೆಗಳ ದಿನಚರಿ ‘ಏರ್ 28’ ಸರಣಿಯಲ್ಲಿದೆ, ಸ್ಕ್ವಾಡ್ರನ್‌ಗಳದ್ದು ‘ಏರ್ 27’ರಲ್ಲಿ. ಸ್ಕ್ವಾಡ್ರನ್ ಕಡತದಲ್ಲಿ ಫಾರ್ಮ್ 540 ಮಾತ್ರ ಓದಿ ನಿಲ್ಲಿಸಬೇಡಿ. ಅದು ತಿಂಗಳ ಸಾರಾಂಶ, ಒಂದೊಂದು ಹಾರಾಟದ ವಿವರ ಫಾರ್ಮ್ 541ರಲ್ಲಿರುತ್ತದೆ. ಅಮೆರಿಕನ್ನರು ನೆಲೆಸಿದ್ದ ಕಾಲಕ್ಕೆ ಅವರ ಘಟಕದ ಹೆಸರು ಹಿಡಿದು ಅಲಬಾಮಾದ ಮ್ಯಾಕ್ಸ್‌ವೆಲ್‌ನಲ್ಲಿರುವ ಅಮೆರಿಕ ವಾಯುಪಡೆಯ ದಾಖಲೆಗಳನ್ನು ಹುಡುಕಬೇಕು. ಬ್ರಿಟಿಷ್ ಕಡತವೊಂದನ್ನೇ ನಂಬಿದರೆ ನೆಲೆಯ ಅತಿ ಮುಖ್ಯ ವರ್ಷಗಳೇ ಖಾಲಿ ಉಳಿಯುತ್ತವೆ.

ಕಟ್ಟಡಗಳನ್ನು ಎಣಿಸುವುದೂ ಸಾಕ್ಷ್ಯ. 1980ರ ದಶಕದಲ್ಲಿ ಅಮೆರಿಕದ ಪರಮಾಣು ಕ್ಷಿಪಣಿಗಳನ್ನಿಡಲು ಕಟ್ಟಿದ ಗ್ರೀನ್‌ಹ್ಯಾಮ್‌ನ ಆರು ಬಂಕರ್‌ಗಳಲ್ಲಿ ತಲಾ ನಾಲ್ಕು ಉಡಾವಣಾ ವಾಹನ, ಪ್ರತಿ ವಾಹನದಲ್ಲಿ ನಾಲ್ಕು ಕ್ರೂಸ್ ಕ್ಷಿಪಣಿ, ಒಟ್ಟು 96. ಪತ್ರಿಕೆಗಳು ಕೊಡುವ ಅಂಕಿಯನ್ನು ಹೀಗೆ ತಾಳೆ ನೋಡಬಹುದು. ಸೈನ್ಯದ ಕಾಗದದಷ್ಟೇ ಬೇಲಿಯ ಹೊರಗಿನ ಕಾಗದವೂ ಬೇಕು: 1981ರ ಸೆಪ್ಟೆಂಬರ್‌ನಲ್ಲಿ ಈ ಕ್ಷಿಪಣಿಗಳನ್ನು ವಿರೋಧಿಸಿ ಕಾರ್ಡಿಫ್‌ನಿಂದ ನಡೆದುಬಂದ ಮಹಿಳೆಯರ ಶಾಂತಿ ಶಿಬಿರ 2000ದವರೆಗೆ ಉಳಿಯಿತು. ಅದರ ಕರಪತ್ರ, ಪತ್ರ, ನ್ಯಾಯಾಲಯದ ದಾಖಲೆಗಳಿಲ್ಲದೆ ಈ ನೆಲೆಯ ಚರಿತ್ರೆ ಅರ್ಧವೇ.

ಕೊನೆಗೆ, ‘ಇಂಥ ವರ್ಷ ಮುಚ್ಚಿತು’ ಎಂದು ಒಂದೇ ಸಾಲಿನಲ್ಲಿ ಮುಗಿಸಬೇಡಿ. ಮಧ್ಯಮ ವ್ಯಾಪ್ತಿಯ ಕ್ಷಿಪಣಿಗಳನ್ನು ತೆಗೆದುಹಾಕಲು ಅಮೆರಿಕ ಮತ್ತು ಸೋವಿಯತ್ ಒಕ್ಕೂಟ ಮಾಡಿಕೊಂಡ 1987ರ ಐಎನ್‌ಎಫ್ ಒಪ್ಪಂದದ ಪ್ರಕಾರ ಕೊನೆಯ ಕ್ಷಿಪಣಿ ಹೋದದ್ದು 1991ರ ಮಾರ್ಚ್‌ನಲ್ಲಿ. ಬಯಲು ಜನರಿಗೆ ತೆರೆದದ್ದು 2000ದಲ್ಲಿ. ಖಾಲಿ ಬಂಕರ್‌ಗಳು 2001ರವರೆಗೆ ಅದೇ ಒಪ್ಪಂದದ ತಪಾಸಣೆಗೆ ಒಳಪಟ್ಟಿದ್ದವು. ಪ್ರತಿಯೊಂದಕ್ಕೂ ಬೇರೆ ದಿನಾಂಕ, ಬೇರೆ ಆಧಾರ ಕೊಡಿ.