ಮನೆಯಲ್ಲಿ ನಾಯಿ ಇದೆ, ಸೊಸೆ ಮಗು ಎತ್ತಿಕೊಂಡು ಬರ್ತಿದ್ದಾಳೆ

ಮನೆಗೆ ಕೂಸು ಬರುತ್ತದೆ ಅಂತ ಗೊತ್ತಾದ ಕೂಡಲೇ ನೆಂಟರಲ್ಲಿ ಒಬ್ಬರಾದರೂ ಹೇಳುತ್ತಾರೆ, "ಆ ನಾಯೀನ ಎಲ್ಲಾದರೂ ಬಿಟ್ಟು ಬನ್ನಿ" ಅಂತ. ಹೇಳಿ, ಕಾಫಿ ಕುಡಿದು ಹೋಗುತ್ತಾರೆ. ವರ್ಷಗಟ್ಟಲೆ ಮನೆಯ ಅನ್ನ ತಿಂದ ಪ್ರಾಣಿಯನ್ನು ಊರಾಚೆ ಬಿಟ್ಟು ಬರುವುದು ಹೇಳಿದಷ್ಟು ಸುಲಭ ಅಲ್ಲ, ಅದರ ಅಗತ್ಯವೂ ಇಲ್ಲ. ಇನ್ನೊಂದು ಥರದವರೂ ಇದ್ದಾರೆ. "ನಮ್ಮದು ದೇವರಂಥ ನಾಯಿ, ಏನೂ ಮಾಡಲ್ಲ" ಅಂತ ಮಗುವನ್ನು ಅದರ ಪಕ್ಕದಲ್ಲೇ ಮಲಗಿಸಿ ಫೋಟೋ ತೆಗೆಯುತ್ತಾರೆ. ಈ ಇಬ್ಬರ ಮಾತನ್ನೂ ಕೇಳಬೇಡಿ. ಮಕ್ಕಳನ್ನೂ ಮೊಮ್ಮಕ್ಕಳನ್ನೂ ನಾಯಿ ಇರುವ ಮನೆಯಲ್ಲೇ ಬೆಳೆಸಿದವಳು ನಾನು. ಎಲ್ಲರೂ ಹೆದರುವುದು ಮೊದಲ ತಿಂಗಳಿಗೆ. ನಿಜವಾಗಿ ಕಣ್ಣಲ್ಲಿ ಕಣ್ಣಿಟ್ಟು ಕಾಯಬೇಕಾದದ್ದು ಮಗು ಅಂಬೆಗಾಲಿಡಲು ಶುರು ಮಾಡಿದ ಮೇಲೆ. ಆದರೆ ಅದರ ತಯಾರಿ ಮಗು ಹುಟ್ಟುವ ಮೊದಲೇ ಆಗಿರಬೇಕು.

ನಮ್ಮ ಕಡೆ ಒಂದು ಅನುಕೂಲ ಇದೆ, ಅದೇ ಒಂದು ತೊಂದರೆ ಕೂಡ. ಸೊಸೆ ಬಾಣಂತನಕ್ಕೆ ತವರಿಗೆ ಹೋಗಿ, ಮೂರೋ ಐದೋ ತಿಂಗಳು ಕಳೆದ ಮೇಲೆ ಗಂಡನ ಮನೆಗೆ ಬರುತ್ತಾಳೆ. ಅಷ್ಟು ದಿನ ನಾಯಿಗೆ ಅವಳು ಎಲ್ಲಿ ಹೋದಳು ಅಂತಲೇ ಗೊತ್ತಿರುವುದಿಲ್ಲ. ಒಂದು ದಿನ ಇದ್ದಕ್ಕಿದ್ದಂತೆ ವಾಪಸ್ ಬರುತ್ತಾಳೆ, ಕೈಯಲ್ಲಿ ಕಿರುಚುವ ಏನೋ ಒಂದು ಇರುತ್ತದೆ, ಮನೆ ತುಂಬ ಜನ ಬೇರೆ. ಅದೇ ದಿನ ನಾಯಿಯನ್ನು ಮೊದಲ ಸಲ ಹಿತ್ತಲಲ್ಲಿ ಕಟ್ಟಿ ಹಾಕಿದರೆ ಅದು ಏನಂತ ತಿಳಿದುಕೊಳ್ಳಬೇಕು ಹೇಳಿ. ಮಗು ಬಂತು, ನನ್ನ ಜಾಗ ಹೋಯಿತು ಅಂತ ತಾನೇ?

ಹಾಗಾಗಿ ಸೊಸೆ ಇಲ್ಲದ ತಿಂಗಳುಗಳನ್ನು ಸುಮ್ನೆ ಕಳೆಯಬೇಡಿ. ನಾಯಿ ಮಂಚದ ಮೇಲೆ ಮಲಗುತ್ತಿದ್ದರೆ ಈಗಲೇ ಇಳಿಸಿ, ಮನೆಯ ಓಡಾಟ ಕಮ್ಮಿ ಇರುವ ಮೂಲೆಯಲ್ಲಿ ಅದಕ್ಕೊಂದು ಗೋಣಿಯೋ ಹಳೇ ಕಂಬಳಿಯೋ ಹಾಸಿ. ವಾಕಿಂಗ್‌ಗೆ ಸೊಸೆ ಕರೆದುಕೊಂಡು ಹೋಗುತ್ತಿದ್ದರೆ ಆ ಕೆಲಸ ಮಗನಿಗೆ ಬರಲಿ, ಮಗು ಬಂದ ಮೇಲೂ ಅದು ಅವನದೇ ಆಗಿರಲಿ. ತೊಟ್ಟಿಲನ್ನು ಅಟ್ಟದಿಂದ ಮೊದಲೇ ಇಳಿಸಿ ಇಟ್ಟುಬಿಡಿ, ನಾಯಿ ಮೂಸಿ ನೋಡಿ ಬೇಜಾರಾಗಿ ಬಿಡಲಿ. ಫೋನಿನಲ್ಲಿ ಕೂಸಿನ ಅಳು ಹಾಕಿ ಕೇಳಿಸಿ, ಮೊದಲು ಸಣ್ಣ ದನಿಯಲ್ಲಿ, ಅಳು ಕೇಳಿದಾಗಲೆಲ್ಲ ಒಂದು ತುಂಡು ಚಪಾತಿ ಕೊಡಿ. ನಾಲ್ಕು ದಿನ ಕಿವಿ ನಿಮಿರಿಸುತ್ತದೆ, ಆಮೇಲೆ ಅಳು ಶುರುವಾದರೆ ಚಪಾತಿ ಡಬ್ಬಿ ಕಡೆ ನೋಡುತ್ತದೆ. ಅಷ್ಟಾದರೆ ಅರ್ಧ ಕೆಲಸ ಮುಗಿದ ಹಾಗೆ. ಮಗನೋ ನೀವೋ ಕೂಸನ್ನು ನೋಡಲು ಹೋದಾಗ ಅದಕ್ಕೆ ಹೊದಿಸಿದ ಒಂದು ಬಟ್ಟೆ ತನ್ನಿ, ಒಗೆಯಬೇಡಿ. ನಾಯಿ ದೂರದಿಂದ ಮೂಸಲಿ. ಎಳೆದಾಡಲು ಬಿಡಬೇಡಿ.

ಪಶು ವೈದ್ಯರ ಹತ್ತಿರವೂ ಇದೇ ಸಮಯದಲ್ಲಿ ಒಮ್ಮೆ ಹೋಗಿ ಬನ್ನಿ. ರೇಬೀಸ್ ಚುಚ್ಚುಮದ್ದು ಮರಿಗೆ ಮೂರು ತಿಂಗಳಾದಾಗ ಶುರುವಾಗುತ್ತದೆ, ಆಮೇಲೆ ವರ್ಷಕ್ಕೊಮ್ಮೆ ಅಂತ ಲೆಕ್ಕ ಇಡಬೇಕು. ನಾಯಿಯ ಚುಚ್ಚುಮದ್ದಿನ ಪುಸ್ತಕ ತೆಗೆದು ತಾರೀಖು ನೋಡಿ. ಜಂತುಹುಳದ ಮಾತ್ರೆ ದೊಡ್ಡ ನಾಯಿಗೆ ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ. ಉಗುರು ಕತ್ತರಿಸಿ. ಮೈಯಲ್ಲಿ ಉಣ್ಣಿ ಹುಳ ಇದ್ದರೆ ಈಗಲೇ ಔಷಧಿ ಹಾಕಿಸಿ. ಮಗು ಬಂದ ಮೇಲೆ ಹಾಕಬೇಕಾಗಿ ಬಂದರೆ ಅದು ಪೂರ್ತಿ ಒಣಗುವವರೆಗೆ ನಾಯಿಯನ್ನು ಒಳಗೆ ಬಿಡಬೇಡಿ. ಇನ್ನೊಂದು ಮಾತು, ಆ ವರ್ಷ ಹೊಸ ನಾಯಿಮರಿ ತರಬೇಡಿ. ಎರಡು ಕೂಸುಗಳ ಉಚ್ಚೆ ಬಳಿಯಲು ಯಾರಿಗೂ ಪುರುಸೊತ್ತು ಇರುವುದಿಲ್ಲ.

ಇನ್ನು ಮನೆಗೆ ಬರುವ ದಿನ. ಆರತಿ ತಟ್ಟೆ, ಓಕುಳಿ ನೀರು, ಬಾಗಿಲಲ್ಲಿ ಹತ್ತು ಜನ. ಈ ಗಲಾಟೆಯಲ್ಲಿ ನಾಯಿಗೆ ಜಾಗ ಇಲ್ಲ, ಅದು ಸರಿಯೇ. ಮಗ ಮೊದಲೇ ಅದನ್ನು ಚೆನ್ನಾಗಿ ಸುತ್ತಾಡಿಸಿ, ಸುಸ್ತು ಮಾಡಿಸಿ ಕರೆತರಲಿ. ಶಾಸ್ತ್ರ ಮುಗಿದು, ಜನ ಕರಗಿ, ಮಗು ಮಲಗಿದ ಮೇಲೆ ಸೊಸೆ ಬರಿಗೈಯಲ್ಲಿ ಹಿತ್ತಲಿಗೆ ಹೋಗಿ ನಾಯಿಯನ್ನು ಮಾತಾಡಿಸಲಿ. ಅದು ಕುಣಿಯುತ್ತದೆ, ಮೈಮೇಲೆ ಹಾರುತ್ತದೆ, ಕುಯ್ಯೋ ಅನ್ನುತ್ತದೆ. ಆ ಸಂಭ್ರಮ ಎಲ್ಲ ಮುಗಿಯಲಿ. ಸಿಸೇರಿಯನ್ ಆಗಿದ್ದರೆ ಹೊಟ್ಟೆಯ ಮೇಲೆ ಹಾರದಂತೆ ಹಗ್ಗ ಇನ್ನೊಬ್ಬರು ಹಿಡಿದಿರಬೇಕು. ಮಗು ತೋರಿಸುವುದು ಅದಾದ ಮೇಲೆ. ಸೊಸೆ ಕುರ್ಚಿಯಲ್ಲಿ ಕೂತಿರಲಿ, ಕೂಸು ಮಡಿಲಲ್ಲಿ, ನಾಯಿ ಹಗ್ಗದಲ್ಲಿ. ಕಾಲಿನ ಕಡೆ ಮೂಸಲಿ, ಮುಖದ ಹತ್ತಿರ ಬೇಡ. ಒಂದು ನಿಮಿಷ ಸಾಕು. ಶಾಂತವಾಗಿದ್ದರೆ ಹೊಗಳಿ ಕರೆದುಕೊಂಡು ಹೋಗಿ. ಮುಖಕ್ಕೆ ಮುಖ ತಾಗಿಸಿ "ನೋಡು, ತಮ್ಮ ಬಂದ" ಅನ್ನುವುದೆಲ್ಲ ಬೇಡ.

ಎಷ್ಟೇ ಒಳ್ಳೆಯ ನಾಯಿ ಇರಲಿ, ಕೂಸಿನ ಜೊತೆ ಒಂಟಿಯಾಗಿ ಬಿಡಬಾರದು, ಹಾಲು ಉಕ್ಕಿತು ಅಂತ ಅಡುಗೆಮನೆಗೆ ಓಡುವಷ್ಟು ಹೊತ್ತೂ ಬಿಡಬಾರದು. ಓಡುವಾಗ ಇಬ್ಬರಲ್ಲಿ ಒಬ್ಬರನ್ನು ಜೊತೆಗೆ ಕರೆದುಕೊಂಡು ಓಡಿ. ಸೀರೆ ಜೋಲಿ ಕಟ್ಟುವವರು ಇನ್ನೂ ಹುಷಾರಾಗಿರಬೇಕು. ಅದು ತೂಗುತ್ತದೆ, ಒಳಗೆ ಏನೋ ಕೈಕಾಲು ಆಡಿಸುತ್ತದೆ, ನೆಲಕ್ಕೆ ಮೊಣಕಾಲೆತ್ತರ. ಆಟವಾಡುವ ನಾಯಿಗೆ ಇದಕ್ಕಿಂತ ಬೇರೆ ಬೇಕಾ? ಬಾಣಂತಿ ಕೋಣೆ ಬಾಗಿಲಿಗೆ ಅರ್ಧ ಎತ್ತರದ ಮರದ ಗೇಟು ಮಾಡಿಸಿಕೊಂಡರೆ ತುಂಬಾ ಒಳ್ಳೆಯದು, ಬಡಗಿಗೆ ಒಂದು ದಿನದ ಕೆಲಸ. ನಾಯಿ ಹೊರಗಿನಿಂದ ಎಲ್ಲ ನೋಡುತ್ತದೆ, ಒಳಗೆ ಬರುವುದಿಲ್ಲ, ತನ್ನನ್ನು ಓಡಿಸಿದರು ಅಂತಲೂ ಅನ್ನಿಸುವುದಿಲ್ಲ.

ಕೂಸಿಗೆ ಎಣ್ಣೆ ನೀರು ಹಾಕುವಾಗ ಅಳು ತಾರಕಕ್ಕೆ ಹೋಗುತ್ತದಲ್ವಾ, ನಮ್ಮ ನಾಯಿ ಪಾಂಡುಗೆ ಆಗ ಸಮಾಧಾನವೇ ಇರುತ್ತಿರಲಿಲ್ಲ. ಬಚ್ಚಲ ಬಾಗಿಲು ಕೆರೆಯುವುದು, ಅಡುಗೆಮನೆಗೆ ಬಂದು ನನ್ನ ಮುಖ ನೋಡುವುದು, ಮತ್ತೆ ಬಚ್ಚಲ ಬಾಗಿಲಿಗೆ ಓಡುವುದು. ಆ ಹೊತ್ತಿಗೆ ನಾಯಿಯನ್ನು ಮನೆಯ ಹೊರಗೆ ಒಂದು ಸುತ್ತು ಕರೆದುಕೊಂಡು ಹೋದರೆ ಎಲ್ಲರಿಗೂ ನೆಮ್ಮದಿ. ಸಾಂಬ್ರಾಣಿ ಹೊಗೆಯೂ ನಾಯಿ ಮೂಗಿಗೆ ಆಗುವುದಿಲ್ಲ. ನಿಜ ಹೇಳಬೇಕೆಂದರೆ ಮುಚ್ಚಿದ ಕೋಣೆಯಲ್ಲಿ ಅಷ್ಟು ಹೊಗೆ ಎಳೆ ಕೂಸಿನ ಎದೆಗೂ ಒಳ್ಳೆಯದಲ್ಲ, ಮಕ್ಕಳ ಡಾಕ್ಟರೂ ಬೇಡ ಅನ್ನುತ್ತಾರೆ. ಹೊಕ್ಕುಳ ಬಳ್ಳಿ ಒಣಗಿ ಬೀಳಲು ಒಂದರಿಂದ ಮೂರು ವಾರ ಬೇಕು. ಕೂಸು ಹುಟ್ಟಿದ ಕೂಡಲೇ ನಾಯಿ ಇರುವ ಮನೆಗೇ ಬಂದರೆ ಅಲ್ಲಿಯವರೆಗೆ ನಾಯಿ ನೆಕ್ಕುವುದು ಇರಲಿ, ಹತ್ತಿರವೂ ಬರಬಾರದು.

ಹಾಲೂಡಿಸುವ ಹೊತ್ತಿಗೆ ಸರಿಯಾಗಿ ನಾಯಿಗೆ ಹೊಟ್ಟೆಕಿಚ್ಚು ಬರುತ್ತದೆ. ಸೊಸೆ ಕೂತಲ್ಲಿಂದ ಏಳುವ ಹಾಗಿಲ್ಲ ಅಂತ ಅದಕ್ಕೂ ಗೊತ್ತು. ಹಳೇ ಟವೆಲ್‌ನ ಮಡಿಕೆಗಳಲ್ಲಿ ಅದರ ತಿಂಡಿ ಚೂರುಗಳನ್ನು ಹಾಕಿ, ಸುತ್ತಿ, ಸಡಿಲವಾಗಿ ಒಂದು ಗಂಟು ಹಾಕಿ ಗೇಟಿನ ಆಚೆ ಕೊಡಿ. ಬಿಡಿಸಿ ತಿನ್ನಲು ಹತ್ತು ಹದಿನೈದು ನಿಮಿಷ ಹಿಡಿಯುತ್ತದೆ. ಮೂಗಿಗೆ ಕೆಲಸ ಕೊಟ್ಟರೆ ನಾಯಿ ತಾನೇ ತಣ್ಣಗಾಗುತ್ತದೆ. ತಿಂದು ಮುಗಿದ ಮೇಲೆ ಟವೆಲ್ ತೆಗೆದಿಡಿ, ಬಟ್ಟೆ ತಿನ್ನುವ ಚಟ ಇರುವ ನಾಯಿಗೆ ಇದು ಬೇಡವೇ ಬೇಡ. ಇಡೀ ದಿನ ಸರಪಳಿ ಹಾಕಿ ಇಡುವುದಂತೂ ಮಾಡಬೇಡಿ. ಕಟ್ಟಿ ಹಾಕಿದ ನಾಯಿ ಸಿಟ್ಟು ಕಲಿಯುತ್ತದೆ.

ಕೂದಲು, ಉಬ್ಬಸ ಅಂತ ಹೆದರಿಸುವವರಿಗೆ ಒಂದು ವಿಷಯ ಹೇಳಿ. 2015ರಲ್ಲಿ ಸ್ವೀಡನ್ ದೇಶದ ಮಕ್ಕಳ ದಾಖಲೆಗಳನ್ನು ನೋಡಿದ ದೊಡ್ಡ ಅಧ್ಯಯನವೊಂದರಲ್ಲಿ, ಹುಟ್ಟಿದ ಮೊದಲ ವರ್ಷ ಮನೆಯಲ್ಲಿ ನಾಯಿ ಇದ್ದ ಮಕ್ಕಳಿಗೆ ಆರನೇ ವಯಸ್ಸಿನ ಹೊತ್ತಿಗೆ ಉಬ್ಬಸ ಸುಮಾರು 13% ಕಮ್ಮಿ ಕಂಡಿತ್ತು. ಅದನ್ನೇ ನಂಬಿ ನಾಯಿ ತನ್ನಿ ಅಂತ ನಾನು ಹೇಳುತ್ತಿಲ್ಲ. ಮಗುವಿಗೆ ಉಸಿರು ಸುಂಯ್ ಅಂದರೆ ಡಾಕ್ಟರಿಗೇ ತೋರಿಸಬೇಕು. ಬಸುರಿಗೆ ನಾಯಿಯಿಂದ ಟಾಕ್ಸೊಪ್ಲಾಸ್ಮಾ ಅನ್ನುವ ರೋಗಾಣು ಬರುತ್ತದೆ ಅಂತಲೂ ಹೇಳುತ್ತಾರೆ, ಅದರ ಮೊಟ್ಟೆ ಬರುವುದು ಬೆಕ್ಕಿನ ಮಲದಲ್ಲಿ, ನಾಯಿಯದರಲ್ಲಿ ಅಲ್ಲ. ನಾಯಿಯಿಂದ ನಿಜವಾಗಿ ನೋಡಿಕೊಳ್ಳಬೇಕಾದದ್ದು ಜಂತುಹುಳ. ಅದರ ಮೊಟ್ಟೆ ಮಣ್ಣಿಗೆ ಬಿದ್ದು ಕೆಲವು ವಾರ ಕಳೆದ ಮೇಲೆಯೇ ರೋಗ ಹತ್ತಿಸುವ ಹಂತಕ್ಕೆ ಬರುತ್ತದೆ, ಹಾಗಾಗಿ ಅಂಗಳದಲ್ಲಿ ನಾಯಿ ಮಾಡಿದ ಕಕ್ಕವನ್ನು ಅವತ್ತಿನದು ಅವತ್ತೇ ತೆಗೆದರೆ ಬಹುಪಾಲು ತಲೆನೋವು ಹೋಯಿತು. ವಾಕಿಂಗ್‌ನಿಂದ ಬಂದ ನಾಯಿಯ ಪಾದ ಒರೆಸಿ. ನೆಲಕ್ಕೆ ಫಿನಾಯಿಲ್ ಹಾಕಿದರೆ ಇನ್ನೊಮ್ಮೆ ಬರೀ ನೀರಲ್ಲಿ ಒರೆಸಿ, ಮಗು ನೆಲ ನೆಕ್ಕುತ್ತದೆ, ನಾಯಿ ಪಾದ ನೆಕ್ಕುತ್ತದೆ.

ಈಗ ಅಂಬೆಗಾಲು. ಏಳೆಂಟು ತಿಂಗಳವರೆಗೆ ಮಗು ಇಟ್ಟಲ್ಲಿ ಇರುತ್ತದೆ, ನಾಯಿ ಬೇಕಾದರೆ ಎದ್ದು ಹೋಗುತ್ತದೆ. ಆಮೇಲೆ ಎಲ್ಲ ತಲೆಕೆಳಗು. ನಾಯಿ ಎಲ್ಲಿ ಹೋದರೂ ಅಲ್ಲಿಗೆ ಮಗು ಬರುತ್ತದೆ, ಬಾಲ ಹಿಡಿಯುತ್ತದೆ, ಕಿವಿ ಎಳೆಯುತ್ತದೆ, ಮಲಗಿದ್ದಾಗ ಮೈಮೇಲೆ ಹತ್ತುತ್ತದೆ, ತಟ್ಟೆಗೆ ಕೈ ಹಾಕುತ್ತದೆ. ಸಣ್ಣ ಮಕ್ಕಳನ್ನು ಕಚ್ಚುವುದು ಹೆಚ್ಚಾಗಿ ಗುರುತಿರುವ ನಾಯಿಯೇ, ಅದೂ ಇಂಥ ಹೊತ್ತಲ್ಲೇ. ಯಾವ ನಾಯಿಯೂ ಸುಮ್ಸುಮ್ನೆ ಕಚ್ಚುವುದಿಲ್ಲ, ಮೊದಲು ಹೇಳಿರುತ್ತದೆ, ನಾವು ನೋಡಿರುವುದಿಲ್ಲ ಅಷ್ಟೇ. ಮೊಮ್ಮಗಳು ಒಮ್ಮೆ ಪಾಂಡು ಕುತ್ತಿಗೆಯ ಕೂದಲನ್ನು ಮುಷ್ಟಿ ತುಂಬ ಹಿಡಿದಳು. ಅದು ಮುಖ ಆ ಕಡೆ ತಿರುಗಿಸಿತು. ತುಟಿ ನೆಕ್ಕಿಕೊಂಡಿತು. ನಿದ್ದೆ ಬರದಿದ್ದರೂ ದೊಡ್ಡದಾಗಿ ಆಕಳಿಸಿತು. ಮೈ ಮರಗಟ್ಟಿ, ಓರೆಗಣ್ಣಿನಲ್ಲಿ ಬಿಳಿ ಗುಡ್ಡೆ ಕಂಡಾಗ ನಾನು ಮುಷ್ಟಿ ಬಿಡಿಸಿ ಮಗುವನ್ನು ಎತ್ತಿಕೊಂಡೆ. ಪಕ್ಕದಲ್ಲಿದ್ದವರು "ಬಾಲ ಅಲ್ಲಾಡಿಸ್ತಾ ಇತ್ತಲ್ಲ" ಅಂದರು. ಬಾಲ ಅಲ್ಲಾಡಿಸಿದರೆ ಖುಷಿ ಅಂತಲೇ ಅಲ್ಲ. ಬಿಗಿಯಾಗಿ, ಮೇಲೆತ್ತಿ, ಸಣ್ಣಗೆ ಅಲ್ಲಾಡಿಸಿದರೆ ಅದು ಖುಷಿಯೇ ಅಲ್ಲ.

ಗುರ್ ಅಂದರೆ ನಾಯಿಗೆ ಹೊಡೆಯುವವರಿದ್ದಾರೆ. ಸೀಟಿ ಕಿರಿಕಿರಿ ಅಂತ ಕುಕ್ಕರ್ ಬಾಯಿಗೆ ಬಟ್ಟೆ ತುರುಕಿದ ಹಾಗೆ ಅದು. ಹೊಡೆಸಿಕೊಂಡ ನಾಯಿ ಮುಂದಿನ ಸಲ ಗುರ್ ಅನ್ನುವುದಿಲ್ಲ, ನೇರವಾಗಿ ಬಾಯಿ ಹಾಕುತ್ತದೆ. ಗುರ್ ಅಂದರೆ ಮಗುವನ್ನು ಎತ್ತಿಕೊಳ್ಳಿ, ಏನಕ್ಕೆ ಅಂದಿತು ಅಂತ ಯೋಚಿಸಿ. ಹಳೆಯ ನಾಯಿಗೆ ಸೊಂಟ ನೋವಿರಬಹುದು, ಕಿವಿಯಲ್ಲಿ ಹುಣ್ಣಿರಬಹುದು. ಮತ್ತೆ ಮತ್ತೆ ಆದರೆ ಪಶು ವೈದ್ಯರಿಗೆ ತೋರಿಸಿ. ಮಗುವನ್ನೇ ಕಂಡರೆ ಗುರಾಯಿಸುತ್ತದೆ, ಹಿಂದೆ ಯಾರನ್ನೋ ಕಚ್ಚಿದೆ ಅಂತಾದರೆ ಬೇರೆ ಒಳ್ಳೆಯ ಮನೆ ನೋಡಿ ಕೊಡುವುದರಲ್ಲಿ ತಪ್ಪಿಲ್ಲ. ಬೀದಿಗೆ ಬಿಡುವುದು ಮಾತ್ರ ತಪ್ಪು.

ನಾಯಿಯ ಹಾಸಿಗೆ, ಅನ್ನದ ತಟ್ಟೆ, ಇವೆರಡರ ಹತ್ತಿರ ಮಗು ಹೋಗಲೇಬಾರದು. ತಟ್ಟೆ ಹಿತ್ತಲಲ್ಲಿ ಇಡಿ, ತಿಂದಾದ ಮೇಲೆ ಎತ್ತಿಡಿ. ಮಗುವಿಗೂ ಹೇಳಿಕೊಡಬೇಕು. ವರ್ಷದ ಮಗುವಿಗೆ ಏನು ಅರ್ಥವಾಗುತ್ತದೆ ಅನ್ನಬೇಡಿ, ಅದರ ಅಂಗೈ ಹಿಡಿದು ನಾಯಿಯ ಬೆನ್ನ ಮೇಲೆ ಮೆಲ್ಲಗೆ ಸವರಿಸಿ "ಮೆತ್ತಗೆ, ಮೆತ್ತಗೆ" ಅಂತ ದಿನಾ ಹೇಳಿದರೆ ಕಲಿಯುತ್ತದೆ. ರಾಗಿ ಸರಿ ತಿನ್ನಿಸುವಾಗ ನಾಯಿ ಗೇಟಿನ ಆಚೆ ಇರಲಿ. ಇಲ್ಲದಿದ್ದರೆ ಮಗು ಬೇಕಂತಲೇ ಚೆಲ್ಲುತ್ತದೆ, ನಾಯಿ ಮಗುವಿನ ಕೈಯನ್ನೇ ತಟ್ಟೆ ಅಂದುಕೊಳ್ಳುತ್ತದೆ.

ಹಲ್ಲೋ ಉಗುರೋ ತಾಗಿದರೆ, ಅದು ಮನೆಯ ನಾಯಿಯೇ ಆಗಿದ್ದರೂ, ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯಿರಿ. ಮಗು ಅಳುತ್ತದೆ, ಅಳಲಿ, ಗಡಿಯಾರ ನೋಡಿಕೊಂಡು ತೊಳೆಯಿರಿ. ಅರಿಶಿನ, ಸುಣ್ಣ, ಕಾಫಿಪುಡಿ, ಖಾರದ ಪುಡಿ ಯಾವುದನ್ನೂ ಮೆತ್ತಬೇಡಿ. ನೇರ ಆಸ್ಪತ್ರೆಗೆ ಹೋಗಿ. ರಕ್ತ ಬರದ ಗೀರು ಕೂಡ ಲೆಕ್ಕಕ್ಕೆ ಬರುತ್ತದೆ, ಗಾಯದ ಮೇಲೋ ಬಾಯಿ ಕಣ್ಣಿಗೋ ಜೊಲ್ಲು ತಾಗಿದರೂ ಅಷ್ಟೇ. ಚರ್ಮದೊಳಗೆ ಕೊಡುವ ರೇಬೀಸ್ ಚುಚ್ಚುಮದ್ದು ಮೊದಲ ದಿನ, ಆಮೇಲೆ 3, 7, 28ನೇ ದಿನ. ಮಾಂಸಖಂಡಕ್ಕೆ ಕೊಡುವುದಾದರೆ 14ನೇ ದಿನವೂ ಒಂದು ಇರುತ್ತದೆ. ಗಾಯದಿಂದ ರಕ್ತ ಬಂದಿದ್ದರೆ ಗಾಯದ ಸುತ್ತ ಇಮ್ಯುನೊಗ್ಲಾಬ್ಯುಲಿನ್ ಅಂತ ಇನ್ನೊಂದು ಮದ್ದು ಕೊಡುತ್ತಾರೆ, ಕೊಡದಿದ್ದರೆ ಕೇಳಿ. ನಾಯಿಗೆ ಇಂಜೆಕ್ಷನ್ ಆಗಿದೆಯಲ್ಲ ಅಂತ ಮನೆಯಲ್ಲೇ ತೀರ್ಮಾನ ಮಾಡಬೇಡಿ, ಪುಸ್ತಕ ತೆಗೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿ.

ಮಗುವಿನಿಂದ ನಾಯಿಗೂ ಅಪಾಯ ಇದೆ, ಇದು ಯಾರ ತಲೆಗೂ ಹೋಗುವುದಿಲ್ಲ. ಬಳಸಿದ ಡೈಪರ್ ನಾಯಿಗೆ ತುಂಬಾ ಇಷ್ಟ. ಅದರೊಳಗಿನ ಜೆಲ್ ಹೊಟ್ಟೆಯಲ್ಲಿ ಉಬ್ಬಿ ಕರುಳು ಕಟ್ಟಬಹುದು, ಹಾಗಾಗಿ ಡೈಪರ್ ಬಕೆಟ್ಟಿಗೆ ಗಟ್ಟಿ ಮುಚ್ಚಳ ಬೇಕು. ಬಾಟಲಿ ನಿಪ್ಪಲ್ ನುಂಗಿದರೂ ಇದೇ ಕಥೆ. ವಿಟಮಿನ್ ಡಿ ಹನಿಯ ಬಾಟಲಿ, ಜ್ವರದ ಪ್ಯಾರಾಸಿಟಮಾಲ್ ಎರಡನ್ನೂ ಮೇಲಿನ ಶೆಲ್ಫಿನಲ್ಲಿಡಿ, ಮಗುವಿಗೆ ಕೊಟ್ಟದ್ದನ್ನೇ ನಾಯಿಗೂ ಜ್ವರ ಬಂತು ಅಂತ ಕೊಡಬೇಡಿ. ಬಾಣಂತಿಗೆ ಅಂತ ಮಾಡಿದ ಅಂಟಿನುಂಡೆಯಲ್ಲಿ ಒಣದ್ರಾಕ್ಷಿ ಇರುತ್ತದೆ. ನಾಯಿಗೆ ದ್ರಾಕ್ಷಿ, ಒಣದ್ರಾಕ್ಷಿ ಎರಡೂ ಮೂತ್ರಪಿಂಡ ಕೆಡಿಸಬಹುದು. ಪಾಪ ಅಂತ ಅರ್ಧ ಉಂಡೆ ಅದರ ಬಾಯಿಗೆ ಹಾಕುವ ಅಜ್ಜಂದಿರು ಪ್ರತಿ ಮನೆಯಲ್ಲೂ ಇದ್ದಾರೆ, ಅವರಿಗೆ ಮೊದಲೇ ಹೇಳಿಡಿ.